ಅಪ್ಪನಿಗಾಗಿ ವೈನ್ ಕೊಳ್ಳಲು ಕಲಿತದ್ದು

ನಾನು ಹೊನ್ನಾಳಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, ಒಂದು ಬೆಳಿಗ್ಗೆ ಅಪ್ಪನಿಗೆ ಫಿಟ್ಸ್ ಬಂತು. ಅದರ ಹಿಂದಿನ ದಿನ ಅವನೇ ನನ್ನನ್ನು ಕರೆದು, "ಹೊರಗಿಂದ ಬೀಗ ಹಾಕ್ಕೊಂಡು ಡ್ಯೂಟಿಗೆ ಹೋಗವ್ವ. ಬಾಗ್ಲು ತೆಗೆದಿದ್ರೆ ನನ್ನ ಕಾಲು ಸಾರಾಯಿ ಅಂಗಡಿಗೇ ಹೋಗ್ತಾವೆ" ಎಂದಿದ್ದ. ಹಾಗೇ ಮಾಡಿದ್ದೆ. ಮರುದಿನ ಒಲೆ ಹಚ್ಚುತ್ತಿರುವಾಗ ಹಿಂದೆ ದೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಅಪ್ಪ ನೆಲದ ಮೇಲೆ ಸೆಟೆದುಕೊಂಡು ಹಲ್ಲು ಕಚ್ಚಿದ್ದ. ಆಸ್ಪತ್ರೆ ಕ್ವಾರ್ಟರ್ಸಿನ ಪಕ್ಕದ ಮನೆಯ ಆಯಾ ಓಡಿ ಬಂದಳು. ನಾವಿಬ್ಬರೂ ಸೇರಿ ಅವನನ್ನು ವಾರ್ಡಿಗೆ ಹೊತ್ತೊಯ್ದೆವು.

ಅಪ್ಪ ಹುಟ್ಟುಕುಡುಕನಲ್ಲ. ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸಿ ದರ್ಜೆವಾರು ಬೇರ್ಪಡಿಸುವುದು ಅವನ ಕೆಲಸವಾಗಿತ್ತು. ಎದೆಯ ಮೇಲೆ ಲಿಂಗ, ಹಣೆಯ ಮೇಲೆ ಮೂರೆಳೆ ವಿಭೂತಿ, ಮನೆಗೆ ಬಂದರೆ ಮೊದಲು ಪೂಜೆ, ಆಮೇಲೆ ಊಟ. ಅವ್ವ ತೀರಿಕೊಂಡ ಮೇಲೆ ಯಾರೋ ಸಂಕಟ ಮರೆಯಲೆಂದು ಕರೆದುಕೊಂಡು ಹೋಗಿ ಕುಡಿಸಿದರು. ಕರೆದವರು ತಮ್ಮ ಪಾಡಿಗೆ ತಾವಿದ್ದರು, ಅಪ್ಪ ಮಾತ್ರ ಅಲ್ಲೇ ಉಳಿದ. ಕೈ ನಡುಗಿ, ಒಳ್ಳೆಯ ಅಡಿಕೆ ಕೆಟ್ಟದ್ದರ ರಾಶಿಗೆ ಬೀಳತೊಡಗಿದ ಮೇಲೆ ಮಂಡಿಯವರು ಬರಬೇಡವೆಂದರು. ನಾನು ಅವನನ್ನು ಹೊನ್ನಾಳಿಗೆ ಕರೆತಂದೆ.

ಆಸ್ಪತ್ರೆಯಲ್ಲಿ ಆಗ ಮಂಗಳೂರು ಕಡೆಯ ಲೇಡಿ ಡಾಕ್ಟರ್ ಇದ್ದರು. ಅಪ್ಪ ಚೇತರಿಸಿಕೊಂಡ ಮೇಲೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. "ಒಮ್ಮೆಲೇ ನಿಲ್ಲಿಸಬಾರದಿತ್ತು. ಮೈಗೆ ಅದು ರೂಢಿಯಾಗಿ ಹೋಗಿದೆ. ಮೆಲ್ಲಗೆ ಇಳಿಸುವ. ಸಾರಾಯಿ ಬದಲಿಗೆ ವೈನ್ ಕೊಡಿ, ಅಳತೆ ನಿಮ್ಮ ಕೈಯಲ್ಲಿರಲಿ. ಆದರೆ ನೋಡಿ ತರಬೇಕು, ಒಳ್ಳೆಯದೇ ಆಗಬೇಕು."

"ಒಳ್ಳೇದು ಯಾವುದು ಅಂತ ನನಗೆ ಹೆಂಗೆ ಗೊತ್ತಾಗುತ್ತೆ ಮೇಡಂ? ನಾನು ಬಾಟ್ಲಿನೇ ಕಂಡೋಳಲ್ಲ."

"ತನ್ನಿ, ಆಮೇಲೆ ಕಲಿಯುವ" ಎಂದರು ಅವರು. ಅವರ ತಾಯಿ ಕ್ರಿಸ್‌ಮಸ್ಸಿಗೆ ಮನೆಯಲ್ಲೇ ದ್ರಾಕ್ಷಿಯಿಂದ ವೈನ್ ಮಾಡುತ್ತಿದ್ದರಂತೆ. ನನಗೆ ಆ ಮಾತು ಕೇಳಿಯೇ ಮೈ ಜುಂ ಎಂದಿತ್ತು.

ಮೊದಲು ಆಯಾಳ ಗಂಡನ ಕೈಯಲ್ಲಿ ತರಿಸಿದೆ. ಬಾಟಲಿಯ ಮುಚ್ಚಳ ಸಡಿಲವಾಗಿತ್ತು, ಒಳಗಿನದು ನೀರಾಗಿತ್ತು, ಅವನ ಬಾಯಿ ಘಮಘಮ ಅನ್ನುತ್ತಿತ್ತು. ಇನ್ನು ನಾನೇ ಹೋಗಬೇಕಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ 'ವೈನ್ಸ್' ಎಂದು ದೊಡ್ಡ ಬೋರ್ಡಿತ್ತು. ಬಿಳಿ ಸೀರೆಯಲ್ಲಿ ನನ್ನನ್ನು ಕಂಡು ಕಟಕಟೆಗೆ ಒರಗಿದ್ದ ಗಂಡಸರು ಸರಿದು ದಾರಿ ಬಿಟ್ಟರು. ಒಬ್ಬ ಬೀಡಿ ಹಿಂದೆ ಮರೆಮಾಡಿಕೊಂಡ.

"ಏನು ಸಿಸ್ಟರ್, ಆಸ್ಪತ್ರೆಗೆ ಸ್ಪಿರಿಟ್ ಏನಾದ್ರೂ ಬೇಕಾಗಿತ್ತಾ?" ಎಂದ ಅಂಗಡಿಯವನು.

"ವೈನ್ ಬೇಕಿತ್ತು."

ಅವನು ಬ್ರಾಂದಿ ತೋರಿಸಿದ, ರಮ್ ತೋರಿಸಿದ. ವೈನ್ ಎಂಬ ಹೆಸರು ಬೋರ್ಡಿನಲ್ಲಿತ್ತೇ ಹೊರತು ಅಂಗಡಿಯಲ್ಲಿ ಕೇಳಿದವರಿರಲಿಲ್ಲ. ಕೊನೆಗೆ ಬಿಸಿಲು ಬೀಳುವ ಮುಂಗಟ್ಟಿನಲ್ಲಿ ಅಂದಕ್ಕೆ ನಿಲ್ಲಿಸಿದ್ದ ಬಾಟಲಿಯೊಂದನ್ನು ಧೂಳು ಒರೆಸಿ ಕೊಟ್ಟ. ಕೆಂಪಗೆ ಹೊಳೆಯುತ್ತಿತ್ತು. ಒಳ್ಳೆಯದೇ ಇರಬೇಕು ಅಂದುಕೊಂಡೆ.

ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕುಲುಕಿದರು. ಎರಡು ಬಟ್ಟಲಿಗೆ ಸ್ವಲ್ಪ ಸ್ವಲ್ಪ ಸುರಿದು, ಒಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರು. ಬಣ್ಣ ಕದಲಲಿಲ್ಲ.

"ದ್ರಾಕ್ಷಿಯ ಬಣ್ಣವಾದರೆ ಸೋಡಾ ಬಿದ್ದ ಕೂಡಲೇ ನೀಲಿಗೋ ಹಸಿರಿಗೋ ತಿರುಗಬೇಕು. ಇದು ಬರೀ ಬಣ್ಣದ ನೀರು, ಸಕ್ಕರೆ, ಸ್ಪಿರಿಟ್. ಇದಕ್ಕಿಂತ ಸಾರಾಯಿಯೇ ವಾಸಿ."

ಉಳಿದದ್ದನ್ನು ಅಲ್ಲೇ ಹೇಳಿದರು. ಬಿಸಿಲಲ್ಲಿಟ್ಟ ಬಾಟಲಿ ಮುಟ್ಟಬೇಡಿ, ಒಳಗಿನ ತಂಪು ಜಾಗದಲ್ಲಿರುವುದನ್ನು ಕೇಳಿ. ಮುಚ್ಚಳದ ಸೀಲು ನೋಡಿ. ಕತ್ತಿನವರೆಗೂ ತುಂಬಿದೆಯೇ ನೋಡಿ. ತಳದಲ್ಲಿ ಸ್ವಲ್ಪ ಗಸಿ ಕಂಡರೆ ಹೆದರಬೇಡಿ, ಅದು ದ್ರಾಕ್ಷಿಯದು. ಬರೀ ಸಿಹಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ತಿಳಿಯಿರಿ. ಹೆರಿಗೆಯ ಪಾಠ ಕೇಳಿದಷ್ಟೇ ಶ್ರದ್ಧೆಯಿಂದ ಕೇಳಿದೆ.

ಹೊನ್ನಾಳಿಯಲ್ಲಿ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲು ಧೈರ್ಯವಾಗಲಿಲ್ಲ. ರಜೆಯ ದಿನ ಬಣ್ಣದ ಸೀರೆ ಉಟ್ಟು ನ್ಯಾಮತಿಯ ಬಸ್ ಹತ್ತಿದೆ. ಅಲ್ಲಿ ನನ್ನ ಗುರುತಿನವರು ಕಡಿಮೆ. ಸಂತೆಬೀದಿಯ ಅಂಗಡಿಯ ಯಜಮಾನ ವಯಸ್ಸಾದವರು. ನಾನು "ಒಳಗಡೆ ಇಟ್ಟಿರೋದು ತೋರಿಸ್ರಿ" ಎಂದು ಕೇಳಿದಾಗ ಒಮ್ಮೆ ಮುಖ ನೋಡಿದರು, ಏನೂ ಕೇಳದೆ ಒಳಗೆ ಹೋಗಿ ಮೂರ್ನಾಲ್ಕು ತಂದಿಟ್ಟರು. ಬೆಳಕಿಗೆ ಹಿಡಿದೆ, ಸೀಲು ಸವರಿ ನೋಡಿದೆ, ಕತ್ತು ನೋಡಿದೆ. ಒಂದನ್ನು ಆರಿಸಿ ಚೀಲದಲ್ಲಿ ಬದನೆಕಾಯಿಯ ಕೆಳಗೆ ಇಟ್ಟುಕೊಂಡೆ. ಬಸ್ಸು ಕುಲುಕಿದಾಗಲೆಲ್ಲ ಚೀಲವನ್ನು ಎದೆಗವಚಿಕೊಳ್ಳುತ್ತಿದ್ದೆ. ಪಕ್ಕದ ಅಜ್ಜಿ, "ಕೂಸಿನ ಹಂಗೆ ಹಿಡ್ಕಂಡೀಯಲ್ಲವ್ವ, ಏನೈತೆ ಅದ್ರಾಗೆ?" ಅಂದಳು. "ಔಷಧಿ" ಅಂದೆ.

ಮನೆಯಲ್ಲಿ ಸೋಡಾ ಹಾಕಿ ನೋಡಿದೆ. ಕೆಂಪು ಸರಸರನೆ ಹಸಿರು ಮಿಶ್ರಿತ ನೀಲಿಯಾಯಿತು. ಆಸ್ಪತ್ರೆಯ ಔನ್ಸ್ ಗ್ಲಾಸಿನಲ್ಲಿ ಅಳೆದು ಅಪ್ಪನ ಮುಂದಿಟ್ಟೆ. ಅವನು ತಲೆ ತಗ್ಗಿಸಿಕೊಂಡೇ ಕುಡಿದ. ಸ್ವಲ್ಪ ಹೊತ್ತು ನಾಲಿಗೆಯನ್ನು ಅಂಗುಳಿಗೆ ಆಡಿಸಿದ. ಅಡಿಕೆ ಬೇಯಿಸಿದ ಕೆಂಪು ನೀರಿಗೆ ನಮ್ಮ ಕಡೆ ಚೊಗರು ಅನ್ನುತ್ತಾರೆ. ಬಾಯಿಗಿಟ್ಟರೆ ನಾಲಿಗೆ ಹಿಡಿದುಕೊಳ್ಳುತ್ತದೆ.

"ಇದ್ರಾಗೆ ಚೊಗರು ಐತೆ" ಎಂದ ಅಪ್ಪ. "ಆದ್ರೆ ಎಳೇದು. ಇನ್ನೊಂದಿಷ್ಟು ಗಟ್ಟಿ ಇರ್ಬೇಕಾಗಿತ್ತು."

ಎಷ್ಟೋ ದಿನಗಳ ಮೇಲೆ ಅವನು ಒಂದು ವಸ್ತುವಿನ ಗುಣದ ಬಗ್ಗೆ ಮಾತಾಡಿದ್ದ. ಆಮೇಲೆ ಪ್ರತಿ ಬಾಟಲಿಗೂ ಒಂದು ಮಾತು ಹೇಳುತ್ತಿದ್ದ. ಇದು ಹುಳಿ ಜಾಸ್ತಿ, ಇದಕ್ಕೆ ಬೆಲ್ಲದ ವಾಸನೆ, ಇದು ಗಂಟಲು ಇಳಿದ ಮೇಲೂ ಉಳಿಯುತ್ತದೆ. ನಾನು ಮುಂದಿನ ಸಲ ಅದಕ್ಕೆ ತಕ್ಕಂತೆ ಹುಡುಕುತ್ತಿದ್ದೆ. ಹಾಗೆಂದು ಎಲ್ಲ ಸರಿಯಾಯಿತೆಂದಲ್ಲ. ಔನ್ಸ್ ಗ್ಲಾಸಿನ ಗೆರೆಯ ಮೇಲೆ ನಮ್ಮಿಬ್ಬರಿಗೂ ಜಗಳವಾಗುತ್ತಿತ್ತು. ಒಮ್ಮೆ ಬಾಟಲಿ ಇಟ್ಟಿದ್ದ ಬೀರುವಿನ ಬೀಗ ಕಿತ್ತಿದ್ದ. ಒಮ್ಮೆ, "ನಿಂಗೆ ನಾಚ್ಕಿ ಆಗಲ್ವೇನೆ, ಹೆತ್ತಪ್ಪಗೆ ಹೆಂಡ ಅಳೆದು ಹೊಯ್ಯಾಕೆ" ಎಂದು ಕೇಳಿ ಅತ್ತಿದ್ದ. ಆದರೂ ಕೈ ನಡುಕ ತಗ್ಗಿತು. ಸ್ನಾನ, ಪೂಜೆ ಮತ್ತೆ ಶುರುವಾದವು.

ಆ ನಡುವೆ ಜಗಳೂರಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವನು ಮತ್ತು ಅವನ ತಂದೆ ಬಂದು ನೋಡಿ, ಒಪ್ಪಿಗೆ ಹೇಳಿ ಹೋಗಿದ್ದರು. ಅಪ್ಪ ಕುಡಿಯುವುದು ಅವರಿಗೆ ಗೊತ್ತಿರಲಿಲ್ಲ. ಹುಡುಗ ಹೊರಡುವಾಗ ನನ್ನ ಕೆಲಸದ ಬಗ್ಗೆ ಕೇಳಿ, "ಮದುವೆ ಆದ್ಮೇಲೂ ಬಿಡಬ್ಯಾಡ್ರಿ" ಅಂದಿದ್ದ. ಆ ಒಂದು ಮಾತಿಗೆ ನಾನು ಅವನನ್ನು ಮೆಚ್ಚಿಕೊಂಡಿದ್ದೆ.

ಸಂಬಂಧ ತಂದಿದ್ದ ನನ್ನ ಸೋದರಮಾವ ಒಂದು ಮಧ್ಯಾಹ್ನ ಬಂದು, ನೀರೂ ಕುಡಿಯದೆ ಕೂತ. "ನ್ಯಾಮತಿಯಾಗೆ ಬ್ರಾಂದಿ ಅಂಗಡಿಯಿಂದ ನೀನು ಹೊರಗೆ ಬರೋದನ್ನ ಅವರ ಕಡೆಯವರು ನೋಡ್ಯಾರೆ. ಹುಡುಗಿ ಕುಡೀತಾಳೆ ಅಂತ ಊರೆಲ್ಲ ಮಾತು. ಹೌದೇನು?"

ನಾನು ಎದ್ದು ಚಹಾಕ್ಕೆ ನೀರಿಟ್ಟೆ. ಅಪ್ಪ ಒಳಮನೆಯಲ್ಲಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಸೋದರಮಾವ ಹೋದ ಮೇಲೂ ಹೊರಗೆ ಬರಲಿಲ್ಲ.

ಮರುದಿನ ಡ್ಯೂಟಿ ಮುಗಿಸಿ ಬಂದಾಗ ಮನೆಗೆ ಬೀಗ ಹಾಕಿತ್ತು. ಜಗಳೂರಿಗೆ ಹೋದನೆಂದು ಆಯಾ ಹೇಳಿದಳು. ಒಗೆದ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು, ಆ ಹೊತ್ತಿನ ಅಳತೆಯನ್ನೂ ಕುಡಿಯದೆ ಹೋಗಿದ್ದ. ನಾನು ದಾರಿಯಲ್ಲಿ ಫಿಟ್ಸ್ ಬಂದೀತೆಂದು ಹೆದರಿದೆ, ಇಲ್ಲವೇ ದಾವಣಗೆರೆಯಲ್ಲಿ ಬಸ್ ಬದಲಿಸುವಾಗ ಕುಡಿದು ಬಿದ್ದಾನೆಂದು. ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ. ಕೊನೆಗೂ ಇಳಿದು ಬಂದ. ಮೈ ನಡುಗುತ್ತಿತ್ತು, ಬಾಯಲ್ಲಿ ವಾಸನೆಯಿರಲಿಲ್ಲ.

ಮನೆಗೆ ನಡೆಯುವಾಗ ಹೇಳಿದ. "ಅವರ ಹಿರೇರೆಲ್ಲ ಕೂತಿದ್ರು. ಕುಡಿಯೋನು ನಾನು, ನನ್ನ ಮಗಳಲ್ಲ, ನನ್ನ ಉಳಿಸಾಕೆ ಅಂತ ಅಂಗಡಿ ಮೆಟ್ಲು ಹತ್ತಿದ್ದು ಅಂತ ಅಂದೆ. ಲಿಂಗ ಮುಟ್ಟಿ ಅಂದೆ."

"ಅವರೇನಂದ್ರು?"

"ಕುಡುಕನ ಮನಿ ಹೆಣ್ಣು ನಮಗೆ ಬ್ಯಾಡ ಅಂದ್ರು."

"ಮೇಷ್ಟ್ರು?"

"ನನ್ನ ಬಸ್ಸಿನ ತನಕ ಬಿಡಾಕೆ ಬಂದಿದ್ದ. ಏನೋ ಹೇಳ್ಬೇಕು ಅಂತ ಬಾಯಿ ತೆಗೆದ. ಅಷ್ಟ್ರಾಗೆ ಬಸ್ ಬಂತು."

ನಾನು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯುತ್ತ ನಿಂತೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಅಪ್ಪ ಹೊಸ್ತಿಲಲ್ಲಿ ಕೂತು, "ನಾನು ಹೋಗಿದ್ದು ತಪ್ಪಾತೇನವ್ವ?" ಎಂದು ಕೇಳಿದ. ಇಲ್ಲ ಎಂದೆ. ಮನಸ್ಸಿನಲ್ಲಿ ಏನಿತ್ತೋ ನನಗೇ ತಿಳಿಯಲಿಲ್ಲ. ಹೋಗದಿದ್ದರೂ ಅದು ಮುರಿಯುತ್ತಿತ್ತು. ಅವನು ಹೋದದ್ದರಿಂದ, ಎಲ್ಲರೆದುರು ತನ್ನ ಹೆಸರನ್ನು ತಾನೇ ಕೆಡಿಸಿಕೊಂಡದ್ದೂ ಆಯಿತು.

ಅಂದಿನಿಂದ ನನ್ನನ್ನು ಅಂಗಡಿಗೆ ಕಳಿಸಲಿಲ್ಲ. ತಾನೇ ಹೊನ್ನಾಳಿಯ ಆ ಬೋರ್ಡಿನ ಅಂಗಡಿಗೆ ಹೋಗಿ, ಅಂಗಡಿಯವನಿಗೆ ಹೇಳಿ ತರಿಸಿಟ್ಟಿದ್ದ ಒಳ್ಳೆಯ ವೈನನ್ನು ಸಾರಾಯಿಯ ಹಳೆಯ ಗೆಳೆಯರ ಎದುರೇ ಕೇಳುತ್ತಿದ್ದ. ಅವರು ಬಾಣಂತಿ ಔಷಧಿ ಎಂದು ನಗುತ್ತಿದ್ದರಂತೆ. ಕೆಲವು ದಿನ ಬಾಟಲಿ ತರುತ್ತಿದ್ದ, ಬೆಳಕಿಗೆ ಹಿಡಿದು ನನಗೆ ತೋರಿಸುತ್ತಿದ್ದ. ಕೆಲವು ದಿನ ಬರಿಗೈಯಲ್ಲಿ, ಗೋಡೆ ಹಿಡಿದುಕೊಂಡು ಬರುತ್ತಿದ್ದ. ನಾನು ಎರಡಕ್ಕೂ ಬಾಗಿಲು ತೆಗೆಯುತ್ತಿದ್ದೆ.

ಎಂಬತ್ತರ ದಶಕದ ಮಧ್ಯದಲ್ಲಿ ನನಗೆ ಚನ್ನಗಿರಿಗೆ ವರ್ಗವಾಯಿತು. ಊರಿಗೆ ಮರಳಿದ್ದಕ್ಕೆ ಅಪ್ಪನಿಗೆ ಸಂತೋಷವಾಗಲಿಲ್ಲ. ಮಂಡಿಯ ಬೀದಿ ತಪ್ಪಿಸಿ ಸುತ್ತಿ ಬರುತ್ತಿದ್ದ. ಆ ವರ್ಷದ ಚಳಿಗಾಲದಲ್ಲಿ ಕಾಮಾಲೆ ಕಾಣಿಸಿತು. ನಾನೇ ಶುಶ್ರೂಷೆ ಮಾಡಿದೆ. ಕೊನೆಯ ದಿನಗಳಲ್ಲಿ ಅವನು ಏನನ್ನೂ ಬೇಡಲಿಲ್ಲ, ಗಂಜಿಯ ನೀರು ಸಾಕು ಎನ್ನುತ್ತಿದ್ದ. ವೈನ್ ಅವನಿಗೆ ಕೆಲವು ವರ್ಷ ಕೊಟ್ಟಿತೋ, ಆ ವರ್ಷಗಳನ್ನು ಕದ್ದಿತೋ ಎಂದು ಹೊನ್ನಾಳಿಯ ಆ ಡಾಕ್ಟರನ್ನು ಕೇಳಬೇಕೆಂದಿದ್ದೆ. ಅವರು ಅಷ್ಟರಲ್ಲಿ ಮಂಗಳೂರಿಗೆ ಹೋಗಿಬಿಟ್ಟಿದ್ದರು.