ಮಾಚಿಪತ್ರೆಯ ಹೊಗೆ
ಚಿಕ್ಕಲಸಂದ್ರದ ನಮ್ಮ ಚೀನೀ ವೈದ್ಯದ ಕ್ಲಿನಿಕ್ಕಿನಲ್ಲಿ ಸವೆದ ಮಂಡಿಗಳ ಮಹಾರಾಣಿ ಎಂದರೆ ಪಿಳ್ಳಮ್ಮಜ್ಜಿ. ಹರಳೆಲೆ, ಉಪ್ಪಿನ ಶಾಖ, ಮೊಮ್ಮಗಳು ತಂದ ಹೀಟಿಂಗ್ ಪ್ಯಾಡು, ಯಾವುದಕ್ಕೂ ಜಗ್ಗದ ಮಂಡಿಗಳನ್ನು ಹೊತ್ತು ಬಾಗಿಲು ತೆರೆಯುವ ಮುಂಚೆಯೇ ಹಾಜರಾಗುತ್ತಾರೆ. ಸೂಜಿ ಚುಚ್ಚಿದರೆ, "ಸೊಳ್ಳೆ ಕಚ್ಚಿದ್ರೆ ಇದಕ್ಕಿಂತ ನೋಯ್ತದೆ" ಎನ್ನುತ್ತಾರೆ. ಆದರೆ ಡಾಕ್ಟರ್ ತನ್ಮಯಿ ಒಣಸೊಪ್ಪಿನ ಬತ್ತಿ ಹಚ್ಚಿ ಮಂಡಿಗೆ ಕಾವು ಕೊಡಲು ಬಂದರೆ ಅಜ್ಜಿಯ ದರ್ಬಾರು ಶುರು: "ಫ್ಯಾನ್ ಆರ್ಸವ್ವ, ಕಿಟಕಿ ಹಾಕು." ಕಾಲುನೋವಿಗೆಂದು ಬಂದು ಪಕ್ಕದ ಮಂಚ ಹಿಡಿದಿರುವ ನಾನು ಕೆಮ್ಮುತ್ತಾ ಕಿಟಕಿ ತೆರೆದರೆ, "ಗಂಡಸಾಗಿ ಇಷ್ಟು ಹೊಗೆ ತಡ್ಕೊಳಕ್ಕಾಗಲ್ವಾ ಸಾಮಿ?" ಎಂದು ಗದರುತ್ತಾರೆ. ಒಂದು ವಾರ ನೋವು ಎಡಗಾಲಿಗೆ, ಮರುವಾರ ಬಲಗಾಲಿಗೆ. ಬತ್ತಿ ಮುಗಿಯುತ್ತಾ ಬಂದರೆ ಎರಡಕ್ಕೂ. ಮೊನ್ನೆ ಡಾಕ್ಟರೇ ಮೆಲ್ಲಗೆ ಹೇಳಿದರು: "ಅಜ್ಜಿ, ಮೂರು ತಿಂಗಳಾಯ್ತು. ಇದ್ರಿಂದ ನಿಮಗೆ ಗುಣ ಕಾಣ್ತಿಲ್ಲ. ಮೂಳೆ ಡಾಕ್ಟ್ರಿಗೆ ತೋರಿಸಿ." ಪಿಳ್ಳಮ್ಮಜ್ಜಿ ಹೊಗೆಯನ್ನು ಅಂಗೈಯಿಂದ ಮುಖದತ್ತ ಎಳೆದುಕೊಂಡರು. "ಇದು ನಮ್ ಮಾಚಿಪತ್ರೆ ವಾಸನೆ ಕಣವ್ವ. ಹೂವಿನ ಜೊತೆ ಕಟ್ತಾರಲ್ಲ, ಅದೇ. ಈ ಬಿಲ್ಡಿಂಗ್ ಇರೋ ಕಡೆ ನಮ್ ತೋಟ ಇತ್ತು. ನಾನೂ ನಮ್ಮತ್ತೇನೂ ಕುಕ್ಕರುಗಾಲಲ್ಲಿ ಕೂತು, ಹೊತ್ತು ಹುಟ್ಟೋದ್ರೊಳಗೆ ಒಂದು ಮಂಕರಿ ಕೊಯ್ತಿದ್ವಿ." ಆರಿಸಲು ಹೊರಟಿದ್ದ ಬತ್ತಿ ಡಾಕ್ಟರ ಕೈಯಲ್ಲೇ ಉಳಿಯಿತು. "ಮಂಡಿ ಹೆಂಗಾದ್ರೂ ಇರ್ಲಿ," ಎಂದರು ಅಜ್ಜಿ, "ನೀನು ಹೊಗೆ ಹಾಕು." ನಾನೇ ಎದ್ದು ಕುಂಟುತ್ತಾ ಹೋಗಿ, ತೆರೆದಿಟ್ಟಿದ್ದ ಕಿಟಕಿ ಮುಚ್ಚಿದೆ.