ವನಿತಾಳ ಬೋಳು ಆರ್ಕಿಡ್ಡು

ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗಳವರಿಗೆ ಕಿಟಕಿ ಅಂದರೆ ಮುಚ್ಚಿಡುವ ವಸ್ತು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬಗಳು ಹಾಗೇ ಕೂತಿವೆ. ಆಷಾಢದ ಗಾಳಿ ಎದ್ದಿತೋ, ಅನ್ನದ ತಟ್ಟೆಯಲ್ಲೂ ಬಿಳಿ ದೂಳು. ಆಗ ಎಲ್ಲರೂ ಕಿಟಕಿ ಜಡಿದು ಒದ್ದೆ ಗೋಣಿ ಕಟ್ಟುತ್ತಾರೆ, ಗಾಳಿ ನಿಂತ ಮೇಲೆ ಬಿಚ್ಚುತ್ತಾರೆ. ಕನಕಮ್ಮ ಮಾತ್ರ ಬಿಚ್ಚುವವಳಲ್ಲ. ಗಣಿಯೊಳಗೆ ದುಡಿದ ಗಂಡ ಕೆಮ್ಮಿ ಕೆಮ್ಮಿ ಆ ಕಿಟಕಿಯ ಕೆಳಗೇ ಪ್ರಾಣ ಬಿಟ್ಟಿದ್ದ. ಅವತ್ತಿನಿಂದ ಅದು ವರ್ಷಪೂರ್ತಿ ಬಂದ್.

ಅಂಥ ಮನೆಗೆ ಸೊಸೆಯಾಗಿ ಬಂದವಳು ವನಿತಾ. ಬಂಗಾರಪೇಟೆ ದಾರಿಯ ನರ್ಸರಿಯೊಂದರಲ್ಲಿ ಆರ್ಕಿಡ್ ಗಿಡಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಬೆಳಗಿನ ಬಸ್ಸು, ಜೊತೆಯವರ ಹರಟೆ, ಹಸಿರು ಪರದೆಯ ಕೆಳಗಿನ ತಂಪು ಎಲ್ಲ ಮದುವೆಯಾದ ಮೇಲೂ ಇದ್ದವು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಗಂಡ ಮುನೀಂದ್ರ, ರಾಬರ್ಟ್‌ಸನ್‌ಪೇಟೆಯಲ್ಲಿ ಆಟೋ ಓಡಿಸುವವನು, ಸ್ವಲ್ಪ ದಿನ ಕೆಲಸ ಬಿಡು ಅಂದ. ಸೊಂಟ ಕೂಡಿತು, ಅತ್ತೆ ಕೋಲು ಹಿಡಿದು ಓಡಾಡತೊಡಗಿದಳು. ಆ ಸ್ವಲ್ಪ ದಿನ ಮಾತ್ರ ಮುಗಿಯಲೇ ಇಲ್ಲ.

ಮುನೀಂದ್ರ ಕೆಟ್ಟವನೇನಲ್ಲ ಬಿಡಿ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಏನು ಹೇಳಿದರೂ ನಗುನಗುತ್ತಾ ತಳ್ಳಿಹಾಕುವ ಆಸಾಮಿ. ಅಂಥವನ ಜೊತೆ ಜಗಳವಾಡುವುದಾದರೂ ಹೇಗೆ ಹೇಳಿ? ಕೆಲಸ ಬಿಟ್ಟ ದಿನ ನರ್ಸರಿಯವರು ಕೊಟ್ಟ, ಹೂವೆಲ್ಲ ಉದುರಿದ ಆರ್ಕಿಡ್ಡೊಂದು ಮೂಲೆಯಲ್ಲಿ ಕೂತಿತ್ತು. ವನಿತಾ ಮತ್ತೆ ಕೆಲಸದ ಮಾತೆತ್ತಿದಾಗ ಅದನ್ನು ತೋರಿಸಿ, "ಅದು ಇನ್ನೊಂದ್ಸಲ ಊ ಬಿಡ್ಲಿ, ಅವತ್ತೇ ಓಗು" ಅಂದ.

ಅವನು ತಮಾಷೆಗೆ ಅಂದಿದ್ದ. ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಒಣಗಿದ ಹೂಕಡ್ಡಿ ಕತ್ತರಿಸಿದಳು, ಕೊಳೆತ ಬೇರು ತೆಗೆದು ಇದ್ದಿಲ ಚೂರು, ತೆಂಗಿನ ಸಿಪ್ಪೆಯಲ್ಲಿ ಗಿಡವನ್ನು ಹೊಸದಾಗಿ ಕೂರಿಸಿದಳು. ಬೇರು ಒಣಗಿ ಬೆಳ್ಳಗಾದಾಗ ಮಾತ್ರ ನೀರು. ಹೊಸ ಎಲೆ ಬಂತು, ಹೂವಿನ ಸುಳಿವಿಲ್ಲ. ಹೂ ಬಿಡಲು ಅದಕ್ಕೆ ಬೆಳಕು ಬೇಕು, ರಾತ್ರಿಯ ತಣ್ಣನೆ ಗಾಳಿ ಬೇಕು. ಈ ಮನೆಯಲ್ಲೋ ಬಲ್ಬು ಮತ್ತು ಒಲೆಯ ಸೆಖೆ. ಕಾರ್ತಿಕದಲ್ಲಿ ಜಗಲಿಯ ಮೇಲಿಟ್ಟರೆ ಪಕ್ಕದ ಮನೆಯ ಮೇಕೆ ಒಂದೆಲೆ ಜಗಿದು ಹೋಯಿತು. ಈಗ ದೂಳಿಲ್ಲ, ಕಿಟಕಿ ತೆಗೆಯೋಣ ಎಂದು ಅಂಗಲಾಚಿದರೆ ಅತ್ತೆ ಗೋಡೆಯತ್ತ ತಿರುಗಿ ಮಲಗಿಬಿಟ್ಟಳು. ಅವತ್ತು ವನಿತಾ ಒಲೆ ಮುಂದೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆದರೂ ಆ ಬಿಕ್ಕು ಅತ್ತೆ ಮಲಗಿದ್ದಲ್ಲಿಗೂ ಕೇಳಿಸಿತು. ಈ ನಾಲ್ಕು ಗೋಡೆಯೊಳಗೇ ತನ್ನ ಆಯಸ್ಸು ಮುಗಿಯುತ್ತದೆ ಅನ್ನಿಸಿ ಹೆದರಿಕೆಯಾಯಿತು.

ಮಾರನೇ ಬೆಳಿಗ್ಗೆ ಠಕ್ ಠಕ್ ಸದ್ದು. ಕನಕಮ್ಮ ಸೌಟಿನ ಹಿಡಿಯಿಂದ ಕಿಟಕಿಯ ಚಿಲಕ ಕುಟ್ಟುತ್ತಿದ್ದಳು. ತುಕ್ಕು ಹಿಡಿದ ಚಿಲಕ ಜಗ್ಗಲಿಲ್ಲ, ಅವಳೂ ಬಿಡಲಿಲ್ಲ. ಕೊನೆಗೆ ಕಿಟಕಿ ಕಿರುಗುಟ್ಟಿ ತೆರೆದಾಗ ಗಂಡನ ಫೋಟೋ ಕಡೆ ಒಮ್ಮೆ ನೋಡಿ, ಕಾಫಿಗೆ ಬಂದು ಕೂತಳು.

ಸಂಕ್ರಾಂತಿ ಹೊತ್ತಿಗೆ ಎಲೆಯ ಬುಡದಲ್ಲಿ ಹಸಿರು ಮೊಳಕೆ. ಬೇರೋ ಹೂಕಡ್ಡಿಯೋ ಎಂದು ವನಿತಾಗೆ ನಿದ್ದೆಯೇ ಇಲ್ಲ. ಅದು ಬೆಳಕಿನತ್ತ ತಲೆಯೆತ್ತಿದ ಮೇಲೆ ಜೀವಕ್ಕೆ ಸಮಾಧಾನವಾಯಿತು. ಯುಗಾದಿ ಹತ್ತಿರ ಬರುವಾಗ ಮೊದಲ ಹೂ ಅರಳಿತು, ತಿಳಿ ನೇರಳೆ. ಮುನೀಂದ್ರ ಕುಣಿದಾಡಿಬಿಟ್ಟ. ಫೋಟೋ ತೆಗೆದುಕೊಂಡು ಹೋಗಿ ಆಟೋ ಸ್ಟ್ಯಾಂಡಿನವರಿಗೆಲ್ಲ ತೋರಿಸಿದ. ಇತ್ತ ವನಿತಾ ಟ್ರಂಕಿನ ತಳದಿಂದ ತನ್ನ ಹಳೆಯ ಊಟದ ಡಬ್ಬಿ ಹೊರಗೆ ತೆಗೆದಿಟ್ಟಳು.

ಸಂಜೆ ಬಂದ ಆಟೋ ತುಂಬ ಬೋಳು ಆರ್ಕಿಡ್ಡು! ಮದುವೆ ಛತ್ರದ ಅಲಂಕಾರದವರು ಬಿಸಾಡಿದ್ದಂತೆ. ಮುನೀಂದ್ರ ಒಂದೊಂದೇ ತಂದು ಕಿಟಕಿಯಲ್ಲಿ ಒತ್ತೊತ್ತಾಗಿ ಜೋಡಿಸಿದ. ಒಂದು ಸರಳೂ ಕಾಣದಂತೆ ಕಿಟಕಿ ತುಂಬಿಹೋಯಿತು.

"ನಿನ್ ಕೈಗುಣ ಇಷ್ಟು ಚೆನ್ನಾಗಿರೋವಾಗ ಆಚೆ ಯಾಕ್ ಓಗ್ಬೇಕು? ಮನೇಲೇ ನರ್ಸರಿ ಮಾಡು" ಅಂದ.

ಪಾಪ, ಹೆಂಡತಿಗೆ ಉಡುಗೊರೆ ತಂದ ಸಂತೋಷ ಅವನ ಮುಖದಲ್ಲಿ. ವನಿತಾ ಇಷ್ಟು ದಿನ ಹೂ ಬಿಟ್ಟೀತು ಎಂದು ಕಾದಿದ್ದಳು. ಬಿಟ್ಟಾಯಿತಲ್ಲ, ಇನ್ನು ಕಾಯುವುದಕ್ಕೂ ಏನೂ ಉಳಿದಿರಲಿಲ್ಲ.

ಕನಕಮ್ಮ ಕೋಲೂರಿ ಎದ್ದಳು. ಸೊಂಟ ಹಿಡಿದುಕೊಂಡೇ ಒಂದೊಂದು ಕುಂಡವನ್ನೂ ಎತ್ತಿ ನೆಲಕ್ಕಿಟ್ಟಳು.

"ಗಿಡಕ್ಕೆ ಅಂತ ಕಿಟ್ಕಿ ತಗ್ದೆ ಅನ್ಕೊಂಡ್ಯೇನ್ಲಾ?" ಅಂದಳು ಮಗನಿಗೆ.

ಸರಿ, ಅವಳು ಹೋದರೆ ನಿನ್ನನ್ನು ನೋಡಿಕೊಳ್ಳುವವರು ಯಾರು ಎಂದು ಅವನು ನಕ್ಕ.

"ನಾನೇನ್ ಕುಂಡದಾಗಿರೋ ಗಿಡಾನೇನ್ಲಾ, ಪಕ್ಕದಾಗೇ ಕುಂತು ನೀರು ಉಯ್ಯಾಕೆ? ಮಾತು ಕೊಟ್ಟಿದ್ದೀಯ. ಓಗ್ಲಿ ಬಿಡು."

ಮುನೀಂದ್ರನ ನಗು ಮೊದಲ ಸಲ ನಿಂತಿತು. ವನಿತಾ ಅವನ ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಡಬ್ಬಿಯ ದೂಳು ತೊಳೆಯಲು ಕೂತಳು.