ತಂತಿಗೆ ಸಿಕ್ಕಿದ ಡ್ರೋನ್, ಶೇಖರಣ್ಣನ ದೋಟಿ

ಮೊನ್ನೆ ನನ್ನ ಡ್ರೋನ್ ಕರೆಂಟಿನ ತಂತಿಗೆ ಸಿಕ್ಕಿ ನೇತಾಡುತ್ತಿತ್ತು. ನಾನು ಕೆಳಗೆ ರಿಮೋಟ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಗದ್ದೆಗಳಿಗೆ ಡ್ರೋನಿನಲ್ಲಿ ಮದ್ದು ಬಿಡುವುದು ನನ್ನ ಕೆಲಸ. ನಮ್ಮೂರು ಗುರುವಾಯನಕೆರೆಯಲ್ಲಿ ಎಲ್ಲರೂ ನನ್ನನ್ನು ಪೈಲಟ್ ಎಂದು ಕರೆಯುತ್ತಾರೆ. ನಾನು ವಿಮಾನ ಹತ್ತಿದ್ದು ಜೀವನದಲ್ಲಿ ಒಂದೇ ಸಲ, ಅದರಲ್ಲೂ ಕಿಟಕಿ ಬದಿ ಸಿಗಲಿಲ್ಲ.

ಅವತ್ತು ಅದು ಮೂರನೇ ಗದ್ದೆ, ಮೂಡಬಿದ್ರೆ ಕಡೆ. ಯಜಮಾನರು ಶೇಖರಣ್ಣ, ಅರುವತ್ತು ದಾಟಿದವರು.

ಹಾರಿಸುವ ಮೊದಲು ಗದ್ದೆಯ ಸುತ್ತ ಒಂದು ಸಲ ನಡೆದು ಕಂಬ, ತಂತಿ ಎಲ್ಲ ನೋಡಿಕೊಳ್ಳಬೇಕು. ನಮಗೆ ಕಲಿಸುವ ಮೊದಲ ಪಾಠವೇ ಅದು.

ನಾನು ಅರ್ಧ ನಡೆದೆ. ಅಷ್ಟರಲ್ಲಿ ಶೇಖರಣ್ಣ ಎಳನೀರಿನ ಬೊಂಡ ಕೆತ್ತಿ ಕೊಟ್ಟರು... ಕಾಲು ಸೋತಿತ್ತು, ಕೂತುಬಿಟ್ಟೆ.

ಉಳಿದ ಅರ್ಧವನ್ನು ಕೂತಲ್ಲಿಂದಲೇ ನೋಡಿದೆ. ತೆಂಗಿನ ಮರಗಳು ಕಂಡವು. ಅವುಗಳ ಮರೆಯಲ್ಲಿ ಪಂಪ್ ಶೆಡ್ಡಿಗೆ ಹೋಗುವ ಲೈನ್ ಕಾಣಲಿಲ್ಲ.

ಹಾರಿಸಿದೆ. ಗದ್ದೆಯ ತುದಿಯ ತಿರುವಿನಲ್ಲಿ ಡ್ರೋನ್ ಸ್ವಲ್ಪ ಮೇಲೇರಿತು. ಚಟ್ ಎಂದು ಒಂದು ಕಿಡಿ. ಅಷ್ಟೇ.

ಈ ಸೀಸನ್ ಹೋಯಿತು ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇಲ್ಲ. ಲೈನ್‌ಮ್ಯಾನಿಗೆ ಫೋನ್ ಮಾಡಬೇಕೆಂದು ಜೇಬು ತಡಕುತ್ತಿದ್ದೇನೆ, ಪಕ್ಕದಲ್ಲಿದ್ದ ಶೇಖರಣ್ಣ ಕಾಣುತ್ತಿಲ್ಲ.

ತಿರುಗಿ ನೋಡಿದರೆ ದನದ ಹಟ್ಟಿಯ ಬದಿಯಿಂದ ದೋಟಿ ಹಿಡಿದುಕೊಂಡು ಬರುತ್ತಿದ್ದಾರೆ. ಅಡಿಕೆ ಗೊನೆ ಇಳಿಸುವ ಉದ್ದದ ಅಲ್ಯೂಮಿನಿಯಂ ದೋಟಿ. ಒದ್ದೆ ಗದ್ದೆಯಲ್ಲಿ ಬರಿಗಾಲು.

ಗೊನೆ ಇಳಿಸಿದ ಹಾಗೆ ಡ್ರೋನನ್ನೂ ಇಳಿಸಬಹುದು ಎಂದುಕೊಂಡಿದ್ದರು. ದೋಟಿಯ ತುದಿ ಆಗಲೇ ತಂತಿಯ ಕಡೆಗೆ ಏಳುತ್ತಿದೆ.

ಓಡಿಹೋಗಿ ಅವರ ಸೊಂಟ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಕೆಸರಿಗೆ ಬಿದ್ದೆವು, ದೋಟಿ ಆಚೆ ಬದಿಗೆ ಬಿತ್ತು.

"ಲೈನಿನಲ್ಲಿ ಕರೆಂಟ್ ಉಂಟು ಶೇಖರಣ್ಣ," ಅಂದೆ.

ಅವರು ಮುಖದ ಕೆಸರು ಒರೆಸಿಕೊಂಡರು. "ನಿಮ್ಮ ಹೊಟ್ಟೆಪಾಡಿನ ಸಾಮಾನು ಅಲ್ವಾ ಮಾರಾಯ್ರೆ... ನನ್ನ ಜಾಗದಲ್ಲಿ ಹಾಳಾಗುವುದು ಬೇಡ ಅಂತ."

ಲೈನ್‌ಮ್ಯಾನ್ ಬಂದು ಕರೆಂಟ್ ತೆಗೆದು ಡ್ರೋನ್ ಇಳಿಸಿಕೊಟ್ಟರು. ಡ್ರೋನಿನ ಒಂದು ಕೈ ಮುರಿದಿದೆ, ರಿಪೇರಿ ಆಗುತ್ತದಂತೆ.

ಹೊರಡುವಾಗ ಶೇಖರಣ್ಣ ನನ್ನ ಕೈ ಹಿಡಿದುಕೊಂಡರು. ತಪ್ಪು ತನ್ನದು, ಆ ಲೈನಿನ ವಿಷಯ ತಾನು ಮೊದಲೇ ಹೇಳಬೇಕಿತ್ತು ಎಂದು ಎರಡೆರಡು ಸಲ ಹೇಳಿದರು.

ನಾನು ಪರವಾಗಿಲ್ಲ ಅಂದೆ.

ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ಬದಿಗೆ ನಾನು ನಡೆದೇ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಉಳಿದ ಗದ್ದೆಗೆ ಮದ್ದು ಬಿಡಲು ಬರುವ ವಾರ ಹೋಗಬೇಕು. ಮತ್ತೆ ಬೊಂಡ ಕೆತ್ತಿ ಕೊಡುತ್ತಾರೆ, ಗ್ಯಾರಂಟಿ.

ಅದನ್ನು ಬಾಯಿಗಿಡುವ ಮೊದಲು ನಿಜ ಹೇಳಿಬಿಡಬೇಕು... ನೀವಾದರೆ ಹೇಗೆ ಶುರು ಮಾಡುತ್ತೀರಿ?